ಒಂದೇ ಎಳೆತದ ಮಡಿಕೆ

ಫೆಬ್ರವರಿ 3, ಸೋಮವಾರ

ಗುಡಿಯ ಬೆಳಗಿನ ಗಂಟೆ ಮೂರು ನಿಮಿಷ ತಡ. ನಲವತ್ನಾಲ್ಕು ವರ್ಷ ನನ್ನ ಕೈಯಲ್ಲಿ ಅದು ಒಂದು ದಿನವೂ ತಡವಾಗಿದ್ದಿಲ್ಲ. ಜ್ವರ ಬಂದಾಗಲೂ ಇಲ್ಲ, ಹೆಂಡತಿ ತೀರಿಕೊಂಡ ಮಾರನೆಯ ಬೆಳಗ್ಗೆಯೂ ಇಲ್ಲ. ಜನ ನನ್ನ ಗಂಟೆ ಕೇಳಿ ಗಡಿಯಾರ ತಿದ್ದಿಕೊಳ್ಳುತ್ತಿದ್ದರು. ಈಗ ಬಂದಿರುವ ಹೊಸಬನ ಗಂಟೆ ನಂಬಿದರೆ ಊರಿಗೆ ಊರೇ ಬಸ್ಸು ತಪ್ಪಿಸಿಕೊಂಡೀತು.

ಗುಡಿಯ ಪಕ್ಕದ ಮನೆ ಬಿಟ್ಟು ಮಗನ ಮನೆಗೆ ಬಂದು ಇಂದಿಗೆ ಒಂದು ತಿಂಗಳು. ಆಡಳಿತ ಮಂಡಳಿಯವರು ಸಭೆ ಮಾಡಿ, ಭಾಷಣ ಮಾಡಿ, ಒಂದು ಗೋಡೆ ಗಡಿಯಾರ ಕೊಟ್ಟು ನನ್ನ ದೀರ್ಘ ಸೇವೆಗೆ ವಿಶ್ರಾಂತಿ ಕೊಟ್ಟರು. ನನಗೆ ಗಡಿಯಾರ ಕೊಡುವುದು! ಮೀನಿಗೆ ಈಜು ಕಲಿಸಿದ ಹಾಗೆ. ಇರಲಿ. ನಾನಾಗಿಯೇ ಒಪ್ಪಿಕೊಂಡು ಬಂದೆ, ಯಾರೂ ನನ್ನನ್ನು ಕಳಿಸಲಿಲ್ಲ. ಇದನ್ನು ಇಲ್ಲಿ ಬರೆದಿಡುವುದು ಒಳ್ಳೆಯದು.

ಮಗನ ಮನೆ ಎನ್ನುವುದು ರೂಢಿಯ ಮಾತು. ಕೆಳಗೆ ಲಾಂಡ್ರಿ, ಮೇಲೆ ಮನೆ. ಲಾಂಡ್ರಿಯ ಬೋರ್ಡಿನಲ್ಲಿರುವುದು ಸೊಸೆಯ ಹೆಸರು. ಮಗ ವ್ಯಾನು ಓಡಿಸುತ್ತಾನೆ, ಬಟ್ಟೆ ತರುತ್ತಾನೆ, ಮುಟ್ಟಿಸುತ್ತಾನೆ, ಅವಳು ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾನೆ. ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತರೆ ಕೆಳಗಿನಿಂದ ಯಂತ್ರಗಳ ಗರಗರ ನೇರ ನನ್ನ ಕುರ್ಚಿಯ ಕಾಲು ಹತ್ತಿ ಬರುತ್ತದೆ.

ಈ ಮನೆಯಲ್ಲಿ ಲೋಟದ ಅಂಚಿನವರೆಗೂ ಚಹಾ ತುಂಬಿ ಕೊಡುತ್ತಾರೆ. ಚೆಲ್ಲದೆ ಏನು ಮಾಡುತ್ತದೆ? ಇವತ್ತೂ ಪಂಚೆಯ ಮೇಲೆ ಚೆಲ್ಲಿತು. ಸೊಸೆಗೆ ಅಳತೆ ಗೊತ್ತಿಲ್ಲ.

ಫೆಬ್ರವರಿ 7, ಶುಕ್ರವಾರ

ಮನುಷ್ಯನಿಗೆ ಬೆಳಗ್ಗೆ ಏಳುವುದಕ್ಕೆ ಒಂದು ಕಾರಣ ಬೇಕು. ಕೆಲಸ ಬಿಟ್ಟು ಮನೆ ಸೇರಿದ ಎಷ್ಟು ಜನಕ್ಕೆ ನಾನೇ ಈ ಮಾತು ಹೇಳಿ ಕಳಿಸಿದ್ದೇನೋ. ಆ ಕಾರಣ ಎಲ್ಲಿ ಸಿಗುತ್ತದೆ ಎಂದು ಅವರಲ್ಲಿ ಒಬ್ಬರೂ ತಿರುಗಿ ಕೇಳಲಿಲ್ಲ, ಸದ್ಯ.

ಈ ವಾರ ಹುಡುಕಲು ಹೊರಟೆ. ಸೋಮವಾರ ಉದ್ಯಾನದ ಬೆಂಚಿನಲ್ಲಿ ಕೂತೆ. ಸಂಕಟದಲ್ಲಿರುವವರು ಯಾರಾದರೂ ಬಂದು ನಾಲ್ಕು ಮಾತು ಕೇಳಬಹುದು ಎಂದುಕೊಂಡಿದ್ದೆ. ನಿವೃತ್ತರ ಗುಂಪೊಂದು ಬಂತು. ಅವರಿಗೆ ಇಸ್ಪೀಟಿಗೆ ನಾಲ್ಕನೆಯ ಕೈ ಬೇಕಿತ್ತಂತೆ. ಬುಧವಾರ ಗ್ರಂಥಾಲಯಕ್ಕೆ ಹೋದೆ. ಅಲ್ಲಿ ಗೋಡೆಯ ತುಂಬ ‘ಮಾತನಾಡಬೇಡಿ’ ಎಂದು ಬರೆದಿದ್ದಾರೆ. ನಿನ್ನೆ ಗುಡಿಗೇ ಹೋದೆ. ಹೊಸಬ ಓಡಿ ಬಂದು ನಮಸ್ಕರಿಸಿದ, ಬಾಯಿ ತುಂಬ ಮಾತನಾಡಿಸಿದ. ಅವನ ಪ್ರಾರ್ಥನೆಯಲ್ಲಿ ನಾಲ್ಕು ತಪ್ಪು ತೋರಿಸಿಕೊಟ್ಟೆ. ಆಮೇಲೆ ಅವನ ಮಾತು ಕಡಿಮೆಯಾಯಿತು. ಬಾಗಿಲ ಬಳಿ ಒಂದು ಕುರ್ಚಿ ಹಾಕಿ ನನ್ನನ್ನು ಕೂರಿಸಿದ್ದರೂ ಸಾಕಿತ್ತು. ಬಂದುಹೋಗುವವರಿಗೆ ಒಂದು ಆಶೀರ್ವಾದ, ಒಂದು ಹಿತವಚನ. ಅಷ್ಟು ಹೊಳೆಯಲಿಲ್ಲ ಅವರಿಗೆ.

ಇವತ್ತು ಲಾಂಡ್ರಿಯ ಕಟ್ಟೆಯ ಹಿಂದೆ ನಿಂತು ಒಬ್ಬ ಗಿರಾಕಿಗೆ ತಾಳ್ಮೆಯ ಮಹತ್ವ ಹೇಳುತ್ತಿದ್ದೆ. ಅವನ ಹಿಂದೆ ಆರು ಜನ ನಿಂತಿದ್ದರು, ಅವರೂ ಕೇಳಲಿ ಎಂದು ದನಿ ಎತ್ತಿದೆ. ಸೊಸೆ ಒಳಗಿನಿಂದ ಬಂದಳು.

“ಮಾವ, ಗಿರಾಕಿಗೆ ಆಶೀರ್ವಾದ ಬೇಡ, ಚೀಟಿ ಕೊಟ್ರೆ ಸಾಕು.”

ಆರು ಜನವೂ ನಕ್ಕರು. ನಾನು ಮೇಲೆ ಬಂದುಬಿಟ್ಟೆ. ಗಂಟೆ ನಾಲ್ಕು ನಿಮಿಷ ತಡ.

ಇನ್ನೊಂದು. ಇವತ್ತಿನಿಂದ ಅವಳು ಅರ್ಧ ಲೋಟ ಚಹಾ ಮಾತ್ರ ಕೊಡುತ್ತಿದ್ದಾಳೆ. ಕೈ ಬಿಗಿ ಮಾಡಿದ್ದಾಳೆ ಎಂದರೆ ಇದೇ.

ಫೆಬ್ರವರಿ 11, ಮಂಗಳವಾರ

ಇಂದು ನಡೆದದ್ದು ಹಿಂದಿನ ದಿನಗಳಲ್ಲಾಗಿದ್ದರೆ ಊರು ನಂಬುತ್ತಿರಲಿಲ್ಲ.

ಹೆರಿಗೆ ಆಸ್ಪತ್ರೆಯ ಚಾದರಗಳು ಒಗೆದು ಒಣಗಿ ಬಂದು ಗುಡ್ಡೆ ಬಿದ್ದಿದ್ದವು. ಆ ಆಸ್ಪತ್ರೆಯೇ ಲಾಂಡ್ರಿಗೆ ಆಧಾರ. ಅದನ್ನು ನಂಬಿಯೇ ಸೊಸೆ ದೊಡ್ಡ ಯಂತ್ರ ತಂದಿದ್ದಾಳೆ, ಇಸ್ತ್ರಿಯಣ್ಣನನ್ನು ಇಟ್ಟುಕೊಂಡಿದ್ದಾಳೆ. ಇಸ್ತ್ರಿಯಣ್ಣ ಎಂದರೆ ಅರವತ್ತರ ಆಸುಪಾಸಿನವನು. ಅವನ ಹೆಸರು ಯಾರಿಗೂ ನೆನಪಿಲ್ಲ, ಅವನಿಗೂ ಇದ್ದಂತಿಲ್ಲ. ಮಡಚುವ ಕೆಲಸದ ಹೆಂಗಸು ಮಗಳ ಮನೆಗೆ ಹೋದವಳು ಇನ್ನು ಬರುವುದಿಲ್ಲವೆಂದು ಹೇಳಿ ಕಳಿಸಿದ್ದಳು. ದೊಡ್ಡ ಚಾದರ ಮಡಚಲು ಇಬ್ಬರು ಬೇಕು. ನಾನು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದೆ.

“ಸುಮ್ನೆ ನಿಂತಿದ್ದೀರಲ್ಲ ಮಾವ, ಆ ತುದಿ ಹಿಡ್ಕೊಳ್ಳಿ.”

ನನಗೆ! ಎಷ್ಟು ಮದುವೆ ಮಾಡಿಸಿದವನು, ಎಷ್ಟು ಮಕ್ಕಳಿಗೆ ಹೆಸರಿಟ್ಟವನು, ಎಷ್ಟು ಜನರನ್ನು ಕೊನೆಯ ದಾರಿಗೆ ಕಳಿಸಿಕೊಟ್ಟವನು. ಅವಳು ಉತ್ತರಕ್ಕೆ ಕಾಯಲಿಲ್ಲ, ಚಾದರದ ಎರಡು ಮೂಲೆ ನನ್ನತ್ತ ಎಸೆದಳು. ಕೆಳಗೆ ಬಿದ್ದರೆ ಮತ್ತೆ ಒಗೆಯಬೇಕಲ್ಲ ಎಂದು ಹಿಡಿದೆ, ಅಷ್ಟೇ.

ಎಳೆದು ಬಿಗಿ ಮಾಡಬೇಕು. ಒಮ್ಮೆ ಕೊಡವಬೇಕು. ಆಮೇಲೆ ಒಬ್ಬರತ್ತ ಒಬ್ಬರು ನಡೆದು ಮೂಲೆಗೆ ಮೂಲೆ ಕೂಡಿಸಬೇಕು. ಅವಳ ಮುಖವನ್ನು ಇಷ್ಟು ಹತ್ತಿರದಿಂದ ನೋಡಿದ್ದು ಹನ್ನೆರಡು ವರ್ಷದಲ್ಲಿ ಇದೇ ಮೊದಲು. ಕಣ್ಣ ಕೆಳಗೆ ಕಪ್ಪಾಗಿದೆ. ಇಪ್ಪತ್ತೆರಡು ಚಾದರ ಮಡಚಿದೆವು.

ಒಂದು ವಿಚಿತ್ರ. ಚಾದರ ಬಿಗಿಯಾಗಿದ್ದಷ್ಟು ಹೊತ್ತು ಕೈ ಗಟ್ಟಿಯಾಗಿತ್ತು. ಕೆಳಗೆ ಗಾಳಿ ಚೆನ್ನಾಗಿರಬೇಕು.

ಫೆಬ್ರವರಿ 12, ಬುಧವಾರ

ಬೆನ್ನು ನೋವು. ಗಂಟೆ ಐದು ನಿಮಿಷ ತಡ. ನಲವತ್ತು ಚಾದರ.

ಫೆಬ್ರವರಿ 19, ಬುಧವಾರ

ಸೊಸೆಯ ಬಗ್ಗೆ ಒಂದು ಮಾತು ಒಪ್ಪಿಕೊಳ್ಳಬೇಕು. ಅವಳು ಕೆಲಸ ಬಲ್ಲವಳು. ಒದ್ದೆ ಬಟ್ಟೆಯನ್ನು ಕೈಯಲ್ಲಿ ಹಿಡಿದು ಯಾವ ಮನೆಯದು ಎಂದು ಹೇಳುತ್ತಾಳೆ. ರಕ್ತದ ಕಲೆಗೆ ತಣ್ಣೀರು, ಎಣ್ಣೆಯ ಕಲೆಗೆ ಬಿಸಿ, ಇದಕ್ಕೆ ಅದನ್ನು ಹಾಕಿದರೆ ಕಲೆ ಜನ್ಮಕ್ಕೂ ಬಿಡದು. ಇದನ್ನೆಲ್ಲ ಯಾವ ಗುರು ಕಲಿಸಿದರು ಎಂದು ಕೇಳಿದೆ. “ಹಾಳು ಮಾಡಿದ ಬಟ್ಟೆಗಳೇ ಕಲಿಸಿದ್ವು ಮಾವ” ಎಂದಳು. ಒಳ್ಳೆಯ ಮಾತು. ನಾನು ಗುಡಿಯಲ್ಲಿ ಹೇಳಿದ್ದರೆ ಜನ ತಲೆದೂಗುತ್ತಿದ್ದರು.

ಆದರೆ ಅವಳ ಮಡಿಕೆ ನನಗೆ ಹಿಡಿಸಿಲ್ಲ. ಎರಡು, ನಾಲ್ಕು, ಎಂಟು ಎಂದು ಮಡಚಿ ಪೆಟ್ಟಿಗೆಯ ಹಾಗೆ ಒಟ್ಟುತ್ತಾಳೆ. ನೋಡಲು ಲಕ್ಷಣ, ಬಿಚ್ಚಲು ಹೊತ್ತು. ಬಿಳಿ ಬಟ್ಟೆ ಮಡಚುವುದರಲ್ಲಿ ನನ್ನನ್ನು ಮೀರಿಸಿದವರು ಈ ಸುತ್ತಿನಲ್ಲಿ ಯಾರೂ ಇಲ್ಲ. ಬಾಯಿ ಬಿಟ್ಟು ಹೇಳಲಿಲ್ಲ. ಹೊತ್ತು ಬರಲಿ.

ಇಸ್ತ್ರಿಯಣ್ಣ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ, “ಗುರುಗಳೇ, ನೀವು ಬಂದ್ಮೇಲೆ ಅಕ್ಕಾವ್ರು ಬೈಯೋದು ಕಡಿಮೆ ಆಗಿದೆ” ಎಂದ. ನನ್ನ ಸನ್ನಿಧಿಯ ಪ್ರಭಾವ ಎಂದೆ. “ಅಲ್ಲ, ಅರ್ಧ ನಿಮಗೆ ಹೋಗ್ತಿದೆ” ಎಂದ. ಅವನಿಗೆ ಸಲಿಗೆ ಜಾಸ್ತಿಯಾಗಿದೆ.

ಮಾರ್ಚ್ 1, ಶನಿವಾರ

ಹೊತ್ತು ಬಂತು!

ದೊಡ್ಡ ಯಂತ್ರದ ಬೆಲ್ಟು ಹರಿದು, ಹೊಸದು ತರಲು ಮಗ ಸೊಸೆ ಇಬ್ಬರೂ ಬೆಳಗ್ಗೆಯೇ ಹೊರಟರು. ಆಸ್ಪತ್ರೆಯ ಅರವತ್ತು ಚಾದರ ಒಗೆದು ಸಿದ್ಧವಿದ್ದವು. “ನೀವೂ ಇಸ್ತ್ರಿಯಣ್ಣನೂ ಸೇರಿ ಮಡಚಿ ಗಂಟು ಕಟ್ಟಿಡಿ ಮಾವ. ನಾಳೆ ಬೆಳಗ್ಗೆ ಅದು ಹೋಗ್ಲೇಬೇಕು” ಎಂದು ಸೊಸೆ ಹೇಳಿ ಹೋದಳು. ನನಗೆ ಬಿಟ್ಟು ಹೋದಳು ಎಂಬುದನ್ನು ಗಮನಿಸತಕ್ಕದ್ದು.

ನನ್ನ ಮಡಿಕೆ ಹಾಕಿದೆ. ನನ್ನ ಗುರುಗಳು ಕಲಿಸಿದ್ದು, ಅವರಿಗೆ ಅವರ ಗುರುಗಳು. ಎರಡು ಅಂಚನ್ನೂ ಒಳಕ್ಕೆ ಪದರ ಪದರವಾಗಿ ತರಬೇಕು, ಆಮೇಲೆ ಪಾದದ ಕಡೆಯಿಂದ ತಲೆಯ ಕಡೆಗೆ ಮಡಚುತ್ತ ಬರಬೇಕು. ಕೊನೆಗೆ ಎರಡು ಬೆರಳಿನಷ್ಟು ಕಿವಿ ಬಿಟ್ಟು ಅದನ್ನು ಒಳಕ್ಕೆ ಸಿಕ್ಕಿಸಬೇಕು. ಆ ಕಿವಿ ಹಿಡಿದು ಒಂದೇ ಒಂದು ಸಲ ಎಳೆದರೆ ಇಡೀ ಬಟ್ಟೆ ಸರ್ರನೆ ತಲೆಯಿಂದ ಪಾದದವರೆಗೆ ಹಾಸಿಕೊಳ್ಳುತ್ತದೆ. ಜಗ್ಗಾಟವಿಲ್ಲ, ಸುಕ್ಕಿಲ್ಲ. ಎಷ್ಟು ಮನೆಗಳಲ್ಲಿ ಈ ಬಟ್ಟೆ ಎಳೆದಿದ್ದೇನೆ! ಸುತ್ತ ಅಳುವವರು ನಿಂತಿರುವಾಗ, ಮಲಗಿದವರ ಮೇಲೆ ಬಟ್ಟೆ ಸಿಕ್ಕಿಕೊಂಡರೆ ನೋಡುವವರ ಎದೆ ಒಡೆಯುತ್ತದೆ. ನನ್ನ ಕೈಯಲ್ಲಿ ಒಮ್ಮೆಯೂ ಸಿಕ್ಕಿಕೊಂಡಿಲ್ಲ. ಮಡಚುವಾಗ ಆ ತುದಿ ಹಿಡಿಯುತ್ತಿದ್ದವಳು ನನ್ನ ಹೆಂಡತಿ. ಅವಳು ಹೋದ ಮೇಲೆ ಉದ್ದನೆಯ ಮೇಜಿನ ಮೇಲೆ ಒಬ್ಬನೇ ಮಡಚುತ್ತಿದ್ದೆ. ಇವತ್ತು ಇಸ್ತ್ರಿಯಣ್ಣ ಹಿಡಿದ.

ಹತ್ತು ಚಾದರವಾದ ಮೇಲೆ ಅವನು ತಲೆ ಕೆರೆದುಕೊಂಡ. “ಗುರುಗಳೇ, ಇದು ಹೆರಿಗೆ ಆಸ್ಪತ್ರೆಗೆ ಹೋಗೋ ಬಟ್ಟೆ ಅಲ್ವಾ? ಅಕ್ಕಾವ್ರನ್ನ ಒಂದು ಮಾತು ಕೇಳಿದ್ರೆ...”

“ಒಳ್ಳೆ ಕೆಲಸಕ್ಕೆ ಯಾರ ಅಪ್ಪಣೆ? ನೀನು ಹಿಡ್ಕೋ” ಎಂದೆ.

ಅರವತ್ತೂ ಒಂದೇ ಅಳತೆ, ಒಂದೇ ಅಂಚು. ನನ್ನ ಜೀವಮಾನದ ಅತ್ಯುತ್ತಮ ಕೆಲಸಗಳಲ್ಲಿ ಒಂದು ಎಂದು ಹಿಂಜರಿಕೆಯಿಲ್ಲದೆ ಬರೆಯುತ್ತೇನೆ. ಅವರು ಬರುವ ಮೊದಲೇ ಗಂಟು ಕಟ್ಟಿಸಿದೆ. ಆಸ್ಪತ್ರೆಯವರೇ ಹೊಗಳಿ ಹೇಳಿ ಕಳಿಸಲಿ, ಆಗ ಸೊಸೆಗೆ ಗೊತ್ತಾಗಲಿ.

ಮಾರ್ಚ್ 3, ಸೋಮವಾರ

ಗಂಟು ವಾಪಸು ಬಂತು.

ಮಗ ಅದನ್ನು ಹೊತ್ತು ಒಳಗೆ ಬಂದಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ. ಆಸ್ಪತ್ರೆಯ ಹಳೆಯ ಆಯಾ ಗಂಟು ಬಿಚ್ಚಿದವಳೇ ಕಿರುಚಿದಳಂತೆ. ಒಳಕ್ಕೆ ಸಿಕ್ಕಿಸಿದ ಕಿವಿ ಅವಳ ಕಣ್ಣಿಗೆ ಬಿತ್ತು. ಈ ಮಡಿಕೆ ಯಾರಿಗೆ ಹಾಕುವುದು ಎಂದು ಅವಳಿಗೆ ಗೊತ್ತು. ಅಲ್ಲೇ ಹಾಸಿಗೆಯಲ್ಲಿದ್ದ ಒಬ್ಬಳು ತುಂಬು ಗರ್ಭಿಣಿ ಎದ್ದು, ನಾನಿಲ್ಲಿ ಹೆರುವುದಿಲ್ಲ ಎಂದು ಅತ್ತಳಂತೆ. ದೊಡ್ಡ ನರ್ಸು ಫೋನಿನಲ್ಲಿ ಕೂಗುವುದು ನನಗೆ ಮೆಟ್ಟಿಲ ತನಕ ಕೇಳಿತು.

“ಹುಟ್ಟೋ ಜಾಗಕ್ಕೆ ಹೆಣದ ಬಟ್ಟೆ ಕಳಿಸ್ತೀರೇನ್ರೀ? ಮುಂದಿನ ಸೋಮವಾರದಿಂದ ಬೇರೆ ಲಾಂಡ್ರಿ ನೋಡ್ಕೋತೀವಿ.”

ಸೊಸೆ ಫೋನು ಇಟ್ಟಳು. ಗಂಟು ಬಿಚ್ಚಿ, ಮೇಲಿನ ಚಾದರದ ಕಿವಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಇಸ್ತ್ರಿಯಣ್ಣ ನೆಲ ನೋಡುತ್ತಿದ್ದ. ಆ ಬಡವ ನನ್ನ ಹೆಸರು ಹೇಳಲಿಲ್ಲ.

“ಮಾವ, ನೀವು ಮೇಲೆ ಹೋಗಿ” ಎಂದಳು ಸೊಸೆ.

ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 4, ಮಂಗಳವಾರ

ಗಂಟೆ ಇಂದು ಸರಿಯಾದ ಹೊತ್ತಿಗೆ ಹೊಡೆಯಿತು. ನನಗೇನೂ ಅನ್ನಿಸಲಿಲ್ಲ.

ಕೆಳಗೆ ಹೋಗಲಿಲ್ಲ. ಊಟ ಮಗನೇ ತಂದುಕೊಟ್ಟ. “ಅವಳು ಏನಂದ್ಲು?” ಎಂದೆ. “ಏನೂ ಅಂದಿಲ್ಲಪ್ಪ. ಇಸ್ತ್ರಿಯಣ್ಣನಿಗೆ ಬೇರೆ ಕಡೆ ಕೆಲಸ ಸಿಗುತ್ತಾ ಅಂತ ವಿಚಾರಿಸ್ತಿದ್ಲು” ಎಂದ.

ಇಲ್ಲಿ ಯಾರೂ ಓದುವುದಿಲ್ಲ, ಆದ್ದರಿಂದ ಬರೆಯುತ್ತೇನೆ. ಗುಡಿಯನ್ನು ನಾನಾಗಿ ಬಿಡಲಿಲ್ಲ. ಮದುವೆಯೊಂದರಲ್ಲಿ ನನ್ನ ಕೈಯಿಂದ ದೀಪ ಬಿತ್ತು. ಮದುಮಗಳ ಸೆರಗಿಗೆ ಬೆಂಕಿ ಹತ್ತಿತು. ಆರಿಸಿದರು, ಹುಡುಗಿಗೆ ಏನೂ ಆಗಲಿಲ್ಲ. ಆದರೆ ಅವಳು ಕಿರುಚಿದ್ದು ನನಗೆ ಹೋದ ನಾಲ್ಕು ತಿಂಗಳಿಂದ ಕೇಳುತ್ತಿದೆ. ಕೈ ನಡುಗುತ್ತದೆ. ಎರಡು ವರ್ಷದಿಂದ ನಡುಗುತ್ತದೆ. ಲೋಟದ ತಪ್ಪಲ್ಲ, ಅಳತೆಯ ತಪ್ಪಲ್ಲ. ಕುಣಿಯಲಾರದವನಿಗೆ ನೆಲ ಡೊಂಕು.

ಸೊಸೆ ಅರ್ಧ ಲೋಟ ಕೊಡುವುದು ಯಾಕೆಂದು ಈಗ ಹೊಳೆಯಿತು. ಮೂರು ವಾರ ಅವಳನ್ನು ಜಿಪುಣಿ ಎಂದುಕೊಂಡೆ. ಅವಳು ಒಂದು ದಿನವೂ ನನ್ನ ಕೈಯ ಮಾತು ಎತ್ತಲಿಲ್ಲ.

ಮಾರ್ಚ್ 5, ಬುಧವಾರ

ಬೆಳಗ್ಗೆ ಒಗೆದ ಪಂಚೆ ಉಟ್ಟು ಕೆಳಗಿಳಿದೆ. ಗಂಟು ಮೂಲೆಯಲ್ಲಿ ಹಾಗೇ ಇತ್ತು. ವ್ಯಾನಿಗೆ ಹಾಕು ಎಂದು ಮಗನಿಗೆ ಹೇಳಿದೆ.

“ಎಲ್ಲಿಗೆ ಮಾವ?” ಎಂದಳು ಸೊಸೆ.

“ನಾನು ಕೆಡಿಸಿದ್ದನ್ನ ನಾನೇ ಸರಿ ಮಾಡ್ಬೇಕು.”

“ಅವರು ಬೈತಾರೆ.”

“ಬೈಲಿ.”

ಅವಳು ಒಳಗೆ ಹೋಗಿ ಚಹಾ ತಂದಳು. ಅರ್ಧ ಲೋಟ. ಕುಡಿದು ಮುಗಿಸುವವರೆಗೂ ಎದುರಿಗೇ ನಿಂತಿದ್ದು ಹೇಳಿದಳು, “ಅಲ್ಲಿ ಹೋಗಿ ಪ್ರವಚನ ಮಾತ್ರ ಮಾಡ್ಬೇಡಿ.”

ದೊಡ್ಡ ನರ್ಸು ದಪ್ಪನೆಯ ಹೆಂಗಸು. ಕನ್ನಡಕ ತಲೆಯ ಮೇಲಿರುತ್ತದೆ, ಅದನ್ನು ಸುತ್ತೆಲ್ಲ ಹುಡುಕುತ್ತಾಳೆ. ಹೆರಿಗೆ ಕೋಣೆಯ ಹೊರಗಿನ ಪಡಸಾಲೆಯಲ್ಲಿ ನಮ್ಮನ್ನು ನಿಲ್ಲಿಸಿದಳು. ಆಯಾ ಬಂದಳು. ನನಗೆ ಗುರುತು ಸಿಕ್ಕಿತು. ಒಂಬತ್ತು ವರ್ಷದ ಹಿಂದೆ ಅವಳ ಗಂಡನ ಮೇಲೆ ಬಟ್ಟೆ ಎಳೆದದ್ದು ನಾನು.

“ನೀವೇ ಅಲ್ವಾ” ಎಂದಳು ಆಯಾ. “ಸರ್ರ್ ಅಂತ ಒಂದೇ ಸಲಕ್ಕೆ ಎಳೆದುಬಿಟ್ರಿ. ಮುಖ ಇನ್ನೊಂದು ಸಲ ನೋಡ್ತೀನಿ ಅನ್ನೋದ್ರಲ್ಲಿ ಮುಗಿದೇ ಹೋಗಿತ್ತು. ಇಲ್ಲಿಗೆ ಬರೋ ಹುಡುಗೀರು ಹೆದರ್ಕೊಂಡೇ ಬರ್ತಾರೆ. ಅವರ ಹಾಸಿಗೆ ಮೇಲೆ ಅದನ್ನ ತಂದಿಡ್ತೀರಾ?”

ಒಂದೇ ಎಳೆತ ಎಂದು ನಾನು ಹೆಮ್ಮೆಪಟ್ಟಿದ್ದು ಅವಳಿಗೆ ಹೀಗೆ ಕಂಡಿತ್ತು. ನಲವತ್ನಾಲ್ಕು ವರ್ಷದಲ್ಲಿ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ.

ಬಾಯಲ್ಲಿ ಮಾತು ಸಾಲುಗಟ್ಟಿ ನಿಂತವು. ಸಾವು ಹುಟ್ಟಿನ ಬಗ್ಗೆ ನನ್ನ ಹತ್ತಿರ ಮೂರು ಒಳ್ಳೆಯ ಪ್ರವಚನಗಳಿವೆ. ಸೊಸೆಯ ಮಾತು ನೆನಪಾಯಿತು. ಊರಿನವರ ತಪ್ಪನ್ನೆಲ್ಲ ದೇವರ ಮುಂದೆ ಒಪ್ಪಿಸಿದವನು ನಾನು, ನನ್ನದೊಂದನ್ನು ಮನುಷ್ಯರ ಮುಂದೆ ಒಪ್ಪಿಸಿ ಅಭ್ಯಾಸವಿಲ್ಲ.

“ತಪ್ಪಾಯ್ತು ತಾಯಿ” ಎಂದೆ. ಅಷ್ಟೇ ಬಂತು.

ದೊಡ್ಡ ನರ್ಸು ಕನ್ನಡಕ ಹುಡುಕುವುದನ್ನು ನಿಲ್ಲಿಸಿದಳು. “ಸರಿ, ಇಲ್ಲೇ ಬಿಚ್ಚಿ ನಮ್ಮ ಕಣ್ಣೆದುರಿಗೇ ಬೇರೆ ಥರ ಮಡಚಿ. ಮುಂದಿನ ಮಾತು ಸೋಮವಾರ ನೋಡೋಣ” ಎಂದು ಒಳಗೆ ಹೋದಳು.

ಮಗ ಬೇರೆ ಬಟ್ಟೆ ಮುಟ್ಟಿಸಲು ಹೋಗಬೇಕಿತ್ತು. ಬೆಂಚಿನ ಮೇಲೆ ನಾನೂ ಅರವತ್ತು ಚಾದರವೂ ಉಳಿದೆವು. ಒಬ್ಬನೇ ಮಡಚಲು ನೋಡಿದೆ. ಮೇಜಿಲ್ಲ, ತುದಿ ನೆಲಕ್ಕೆ ತಾಗುತ್ತದೆ, ಕೈ ಬೇರೆ ನಡುಗುತ್ತದೆ. ಆಯಾ ಕೈ ಕಟ್ಟಿ ನೋಡುತ್ತಲೇ ಇದ್ದಳು. ಮೂರನೆಯ ಚಾದರಕ್ಕೆ ಅವಳಿಗೆ ತಡೆಯಲಿಲ್ಲ.

“ಹೀಗೇ ಆದ್ರೆ ಸಂಜೆ ಆಗುತ್ತೆ. ಕೊಡಿ ಆ ತುದಿ.”

ಸೊಸೆಯ ಮಡಿಕೆ ಹಾಕಿದೆವು. ಎರಡು, ನಾಲ್ಕು, ಎಂಟು. ಮೂವತ್ತಾಗಿರಬಹುದು, ಅಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು. ಗಾಲಿ ಮಂಚದ ಮೇಲೆ ಒಬ್ಬಳನ್ನು ತಳ್ಳಿಕೊಂಡು ಬಂದರು. ಆಗಲೇ ಹೆರಿಗೆ ಆಗುವುದರಲ್ಲಿತ್ತು. ಆಯಾ ಓಡಿಹೋಗಿ ಮಂಚದ ತಲೆ ಹಿಡಿದಳು. “ಬಟ್ಟೆ, ಬಟ್ಟೆ!” ಎಂದು ದೊಡ್ಡ ನರ್ಸು ಕೂಗಿದಳು. ಅವಳ ಒಂದು ಕೈ ಆ ಹುಡುಗಿಯ ಬೆನ್ನ ಕೆಳಗಿತ್ತು. ಇನ್ನೊಂದು ಕೈಯಲ್ಲಿ ನಾವು ಹೊಸದಾಗಿ ಮಡಚಿದ್ದನ್ನು ಎತ್ತಿ ಕೊಡವಿದಳು, ಅದು ಅರ್ಧ ಬಿಚ್ಚಿ ಗೋಜಲಾಯಿತು. ಎಸೆದಳು. ಇನ್ನೂ ಬಿಚ್ಚದೆ ಉಳಿದಿದ್ದ ನನ್ನ ಮಡಿಕೆಯದೊಂದು ಕೈಗೆ ಸಿಕ್ಕಿತು. ಕಿವಿ ಎಳೆದಳು. ಸರ್ರನೆ ಹಾಸಿಕೊಂಡಿತು, ಒಂದೇ ಕೈಯಲ್ಲಿ, ಒಂದೇ ಎಳೆತಕ್ಕೆ. ಮಂಚ ಹೆರಿಗೆ ಕೋಣೆಯೊಳಗೆ ಹೋಯಿತು, ಬಾಗಿಲು ಮುಚ್ಚಿತು.

ಪಡಸಾಲೆಯಲ್ಲಿ ನಾನೊಬ್ಬನೇ. ಗೋಜಲಾಗಿದ್ದ ಚಾದರವನ್ನು ಎತ್ತಿಕೊಂಡು ತೊಡೆಯ ಮೇಲೆ ಇಟ್ಟುಕೊಂಡೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅಳು ಕೇಳಿತು. ಇಷ್ಟು ವರ್ಷ ಮಕ್ಕಳಿಗೆ ಹೆಸರಿಟ್ಟಿದ್ದೇನೆ, ಮೊದಲ ಅಳು ಕೇಳಿದ್ದಿಲ್ಲ. ಜೋರಾಗಿತ್ತು. ಸಿಟ್ಟಿನ ಅಳು. ನನಗೂ ಅಳು ಬಂತು, ಬರೆಯಲು ನಾಚಿಕೆಯಿಲ್ಲ.

ಮಾರ್ಚ್ 6, ಗುರುವಾರ

ಕೆಳಗೆ ಹೋದೆ. ಸೊಸೆ ಚಾದರದ ಆ ತುದಿ ಕೊಟ್ಟಳು.

ಮಾರ್ಚ್ 10, ಸೋಮವಾರ

ಹನ್ನೊಂದರ ತನಕ ಎಲ್ಲರ ಕಣ್ಣೂ ಬೀದಿಯ ಮೇಲೆ. ವ್ಯಾನು ಬಂತು. ಆಸ್ಪತ್ರೆಯ ಗಂಟು ಅದರಲ್ಲಿತ್ತು. ಇಸ್ತ್ರಿಯಣ್ಣ ಬಗ್ಗಿ ಗಂಟಿಗೆ ಕೈ ಮುಗಿದ. ಅವನನ್ನು ತಡೆಯಲಿಲ್ಲ, ನಾನೂ ಮುಗಿದೆ.

ಮಾರ್ಚ್ 12, ಬುಧವಾರ

ದೊಡ್ಡ ನರ್ಸು ಲಾಂಡ್ರಿಗೇ ಬಂದಳು. ಜೊತೆಗೆ ಆಯಾ. ಸೊಸೆ ಗಾಬರಿಯಾಗಿ ಕೈ ಒರೆಸಿಕೊಂಡಳು.

“ಆವತ್ತು ಒಂದೇ ಕೈಲಿ ಎಳೆದೆನಲ್ಲ, ಆ ಮಡಿಕೆ ಯಾರು ಹಾಕಿದ್ದು? ನಿಮ್ಮ ಮಾವನವರೇ ತಾನೇ?” ಎಂದಳು ದೊಡ್ಡ ನರ್ಸು. “ವಾರ್ಡಿಗೆ ಹೇಗೆ ಬೇಕಾದ್ರೂ ಕಳಿಸಿ. ಹೆರಿಗೆ ಕೋಣೆಗೆ ನನಗೆ ಅದೇ ಬೇಕು. ಇಪ್ಪತ್ತು ವರ್ಷದಿಂದ ಬಟ್ಟೆ ಜೊತೆ ಕುಸ್ತಿ ಆಡಿದ್ದು ಸಾಕು.”

“ನಾನು ಒಪ್ಪಲ್ಲ” ಎಂದಳು ಆಯಾ, ನನ್ನನ್ನೇ ನೋಡುತ್ತ. ಕಟ್ಟೆಯ ಮೇಲಿನ ಚಾದರ ತೆಗೆದು, “ಮಡಚಿ ತೋರ್ಸಿ” ಎಂದಳು. ಸೊಸೆ ಆ ತುದಿ ಹಿಡಿದಳು, ನಾನು ಮಡಚಿದೆ. ಕೊನೆಯಲ್ಲಿ ಎರಡು ಬೆರಳಿನ ಕಿವಿಯನ್ನು ಒಳಕ್ಕೆ ಸಿಕ್ಕಿಸುವಾಗ ಆಯಾ ನನ್ನ ಕೈ ಹಿಡಿದು ನಿಲ್ಲಿಸಿದಳು. ಕಿವಿಯನ್ನು ಹೊರಕ್ಕೆ ಎಳೆದು, ಮೇಲಕ್ಕೆ ಮಡಚಿ, ಅಂಗೈಯಿಂದ ಒತ್ತಿದಳು.

“ಹೋಗೋರಿಗೆ ಒಳಗೆ ಮಡಚಿ. ಬರೋರಿಗೆ ಹೊರಗೆ” ಎಂದಳು. “ಇದಾದ್ರೆ ನನ್ನ ಕಣ್ಣು ಒಪ್ಪುತ್ತೆ.”

ಎಳೆದು ನೋಡಿದೆವು. ಹೊರಗಿನ ಕಿವಿ ಹಿಡಿಯಲು ಇನ್ನೂ ಸುಲಭ. ಗುರುಗಳಿಂದ ಗುರುಗಳಿಗೆ ಅಕ್ಷರ ತಪ್ಪದಂತೆ ಬಂದದ್ದನ್ನು ಈ ಹೆಂಗಸು ಅರ್ಧ ನಿಮಿಷದಲ್ಲಿ ತಿದ್ದಿದಳು. ಗುರುಗಳು ಬದುಕಿದ್ದರೆ ಅವಳಿಗೆ ನಮಸ್ಕಾರ ಮಾಡಿಸುತ್ತಿದ್ದೆ.

ಅವರು ಹೋದ ಮೇಲೆ ಸೊಸೆ ಹೇಳಿದಳು, “ಮಾವ, ಇದನ್ನ ನನಗೂ ಸರಿಯಾಗಿ ಕಲಿಸಿ.” ಕಲಿಸಿದೆ. ಎರಡೇ ಸಲಕ್ಕೆ ಕಲಿತಳು. ಎಷ್ಟು ಶಿಷ್ಯರನ್ನು ಕಂಡಿದ್ದೇನೆ, ಇವಳಷ್ಟು ಚುರುಕಾದವರು ಒಬ್ಬರೂ ಇರಲಿಲ್ಲ. ಬೋರ್ಡಿನಲ್ಲಿ ಅವಳ ಹೆಸರಿರುವುದು ಸರಿಯಾಗಿಯೇ ಇದೆ.

ಮಾರ್ಚ್ 27, ಗುರುವಾರ

ಹೆರಿಗೆ ಕೋಣೆಗೆ ದಿನಕ್ಕೆ ಹದಿನೆಂಟು. ನಿನ್ನೆ ಅವಳಿ ಮಕ್ಕಳಂತೆ, ಇಪ್ಪತ್ತು ಬೇಕಾಯಿತು. ಇವತ್ತಿನಿಂದ ಎರಡು ಹೆಚ್ಚಿಗೆ ಕಳಿಸಬೇಕೆಂದು ಮಗನಿಗೆ ಹೇಳಿದ್ದೇನೆ. ಎಲ್ಲಕ್ಕೂ ಮುಂದಾಲೋಚನೆ ಬೇಕು.

ಮಧ್ಯಾಹ್ನ ಇಸ್ತ್ರಿಯಣ್ಣ, “ಗಂಟೆ ಹಗ್ಗ ಹರಿದು ನಾಲ್ಕು ದಿನ ಆಯ್ತಲ್ಲಣ್ಣ, ಇನ್ನೂ ಕಟ್ಟಿಲ್ಲ” ಎಂದ. ಯಾವ ಗಂಟೆ ಎಂದೆ. ಅವನು ನನ್ನ ಮುಖ ನೋಡಿ ನಗಲು ಶುರುಮಾಡಿದ. ಇದರಲ್ಲಿ ನಗುವಂಥದ್ದೇನಿದೆಯೋ ತಿಳಿಯದು. ಬೆಳಗಿನ ಹೊತ್ತು ಯಂತ್ರ ಓಡುವಾಗ ಯಾರಿಗೆ ಏನು ಕೇಳಿಸುತ್ತದೆ?

ಏಪ್ರಿಲ್ 5, ಶನಿವಾರ

ಹೊಸಬ ಬಂದಿದ್ದ. ನಾನು ಗುಡಿಯಿಂದ ಬಂದ ಮೇಲೆ ಅವನು ಈ ಕಡೆ ಬಂದದ್ದು ಇದೇ ಮೊದಲು. ಲಾಂಡ್ರಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟ, ಬೇಡವೆಂದರೂ ಕೇಳಲಿಲ್ಲ.

“ಆಡಳಿತ ಮಂಡಳಿಯವರು ಕಳಿಸಿದ್ರು ಗುರುಗಳೇ. ಬಾಗಿಲ ಹತ್ರ ನಿಮಗೊಂದು ಕುರ್ಚಿ ಹಾಕ್ತೀವಿ. ದಿನಾ ಬೆಳಗ್ಗೆ ಬಂದು ಕೂತ್ಕೊಂಡ್ರೆ ಸಾಕು. ಜನ ನಿಮ್ಮನ್ನ ಕೇಳ್ತಾನೇ ಇದ್ದಾರೆ.”

ಸೊಸೆ ಗಿರಾಕಿಗೆ ಚೀಟಿ ಬರೆಯುವುದನ್ನು ನಿಲ್ಲಿಸಿದಳು. ಇಸ್ತ್ರಿಯಣ್ಣ ಇಸ್ತ್ರಿ ಎತ್ತಿ ಹಿಡಿದೇ ನಿಂತ. ಜನ ಕೇಳುತ್ತಾರೆ ಎಂದದ್ದು ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

“ಬೆಳಗ್ಗೆ ನನಗೆ ಬಿಡುವಿಲ್ಲ” ಎಂದೆ. “ಹೆರಿಗೆ ಆಸ್ಪತ್ರೆ ಬಟ್ಟೆ ಹತ್ತಕ್ಕೆ ಹೊರಡಬೇಕು.”

ಅವನು ಹೋಗಲಿಲ್ಲ. ಕಟ್ಟೆಯ ಅಂಚನ್ನು ಉಗುರಿನಿಂದ ಕೆರೆಯುತ್ತ ನಿಂತ. ಆಮೇಲೆ ಸಣ್ಣ ದನಿಯಲ್ಲಿ ಹೇಳಿದ. ಹೋದ ವಾರ ಒಂದು ಮನೆಯಲ್ಲಿ ತೀರಿಕೊಂಡವರ ಮೇಲೆ ಬಟ್ಟೆ ಎಳೆಯುವಾಗ ಅರ್ಧಕ್ಕೇ ಸಿಕ್ಕಿಕೊಂಡಿತಂತೆ. ಬಿಡಿಸಲು ಹೋದಷ್ಟೂ ಗೋಜಲಾಯಿತು. ಸತ್ತವರ ಮಗಳು ಎದ್ದು ಬಂದು ತಾನೇ ಸರಿ ಮಾಡಿದಳು. “ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು” ಎಂದ. ಫೆಬ್ರವರಿಯಲ್ಲಿ ಕೇಳಿದ್ದರೆ ಈ ಸುದ್ದಿಗೆ ನನಗೆ ಒಳಗೊಳಗೇ ಹಬ್ಬವಾಗುತ್ತಿತ್ತು. ಇವತ್ತು ಆ ಹುಡುಗನ ಮೇಲೆ ಕನಿಕರವಾಯಿತು. ಪ್ರಾರ್ಥನೆಯ ನಾಲ್ಕು ತಪ್ಪು ತೋರಿಸಿ ಬಂದೆ, ಬೇಕಾದ ಒಂದನ್ನು ಕಲಿಸದೆ ಬಂದಿದ್ದೆ.

ಗುಡ್ಡೆಯಿಂದ ಒಂದು ಚಾದರ ತೆಗೆದೆ. ಕಿವಿ ಒಳಗೆ ಯಾರಿಗೆ, ಹೊರಗೆ ಯಾರಿಗೆ ಎಂದು ಮೊದಲು ಹೇಳಿದೆ, ಆಯಾ ಹೇಳಿದ ಮಾತಿನಲ್ಲೇ. ಎಳೆಯುವ ಮೊದಲು ಮುಖ ನೋಡಬೇಕೆನ್ನುವವರು ಇದ್ದಾರೆಯೇ ಎಂದು ಕೇಳು, ಕೇಳಿದ ಮೇಲೂ ಸ್ವಲ್ಪ ಕಾಯಿ ಎಂದೂ ಹೇಳಿದೆ. ಎರಡು ಮೂಲೆ ಅವನ ಕಡೆ ಎಸೆದೆ. ಹಿಡಿದ.

“ಕೈ ನಡುಗ್ತಿದೆ ಗುರುಗಳೇ” ಎಂದ.

“ಬಿಗಿಯಾಗಿ ಹಿಡ್ಕೋ, ನಿಲ್ಲುತ್ತೆ” ಎಂದೆ. “ಈ ಕಡೆ ನಾನಿದ್ದೀನಿ.”